ಗೇಟಿನಿಂದ ಪೋರ್ಟಿಕೋವರೆಗೆ: ಹೊರಾಂಗಣ ಮೋಷನ್ ಸೆನ್ಸರ್ ಆರಿಸುವ ಬಗೆ

ಬೆಂಗಳೂರಿನ ಬಡಾವಣೆಗಳಲ್ಲಿ ಸ್ವತಂತ್ರ ಮನೆಗಳ ಗೇಟು ಈಗ ದಿನವಿಡೀ ತೆರೆದು ಮುಚ್ಚುತ್ತಲೇ ಇರುತ್ತದೆ. ಪಾರ್ಸೆಲ್ ತರುವವರು, ನೀರಿನ ಕ್ಯಾನ್ ಇಳಿಸುವವರು, ಹತ್ತು ನಿಮಿಷದಲ್ಲಿ ದಿನಸಿ ಮುಟ್ಟಿಸುವವರು, ‘ಮನೆ ಬಾಡಿಗೆಗಿದೆ’ ಎಂಬ ಬೋರ್ಡು ನೋಡಿ ವಿಚಾರಿಸಲು ಬರುವವರು, ಎಲ್ಲರೂ ಚಿಲಕ ಸರಿಸಿ ನೇರವಾಗಿ ಕಾರು ನಿಲ್ಲಿಸುವ ಜಾಗಕ್ಕೇ ಬಂದು ನಿಲ್ಲುತ್ತಾರೆ. ಮಕ್ಕಳು ಕೆಲಸಕ್ಕೆ ಹೋದ ಮೇಲೆ ವಯಸ್ಸಾದ ತಂದೆತಾಯಿ ಇಬ್ಬರೇ ಉಳಿಯುವ ಮನೆಗಳಲ್ಲಿ, ಮಹಡಿಯಲ್ಲಿದ್ದವರಿಗೆ ಕೆಳಗೆ ಯಾರು ಬಂದರೆಂದು ತಿಳಿಯುವುದೇ ಕಷ್ಟ. ಇದಕ್ಕೆ ಪರಿಹಾರವಾಗಿ ಅನೇಕರು ಕೊಳ್ಳುತ್ತಿರುವುದು ಮೋಷನ್ ಸೆನ್ಸರ್, ಅಂದರೆ ತನ್ನ ಎದುರಿನ ಜಾಗದಲ್ಲಿ ಚಲನೆ ಕಂಡೊಡನೆ ದೀಪ ಹೊತ್ತಿಸುವ, ಒಳಗೆ ಬೆಲ್ ಬಾರಿಸುವ ಇಲ್ಲವೇ ಫೋನಿಗೆ ಸಂದೇಶ ಕಳಿಸುವ ಸಾಧನ.

ಇಂಥ ಸಾಧನದ ಪೆಟ್ಟಿಗೆಯ ಮೇಲೆ ‘12 ಮೀಟರ್, 180 ಡಿಗ್ರಿ, ಐಪಿ65’ ಎಂಬಂಥ ಬರಹ ದೊಡ್ಡದಾಗಿ ಇರುತ್ತದೆ. ಇವುಗಳಲ್ಲಿ ಯಾವುದೂ ಕೊಳ್ಳುವವರಿಗೆ ಬೇಕಾದ ಮುಖ್ಯ ವಿಷಯವನ್ನು ಹೇಳುವುದಿಲ್ಲ. ಮೊದಲ ವಾರ ಉತ್ಸಾಹದಿಂದ ಬಳಸಿದ ಸೆನ್ಸರ್, ರಸ್ತೆಯಲ್ಲಿ ಹೋಗುವ ಪ್ರತಿ ಬೈಕಿಗೂ ಗೇಟಿನಡಿ ನುಸುಳುವ ಪ್ರತಿ ನಾಯಿಗೂ ರಾತ್ರಿಯಿಡೀ ಬೆಲ್ ಬಾರಿಸತೊಡಗಿದಾಗ ಮನೆಯವರಲ್ಲೊಬ್ಬರು ಬೇಸತ್ತು ಅದರ ಸ್ವಿಚ್ ಆರಿಸಿಬಿಡುತ್ತಾರೆ. ಸಾಮಾನ್ಯವಾಗಿ ಇದರಲ್ಲಿ ಸಾಧನದ ತಪ್ಪೇನೂ ಇರುವುದಿಲ್ಲ. ರಸ್ತೆಯಿಂದ ಮೂವತ್ತು ನಲವತ್ತು ಮೀಟರ್ ಒಳಗಿರುವ, ಸುತ್ತ ಸ್ವಂತ ಜಮೀನಿರುವ ಮನೆಗೆ ಒಪ್ಪುವ ಸೆನ್ಸರನ್ನು ತಂದು ಮೂವತ್ತು–ನಲವತ್ತರ ಸೈಟಿಗೆ ಕೂರಿಸಿದಾಗ ಹೀಗಾಗುತ್ತದೆ. ನಮ್ಮಲ್ಲಿನ ಮನೆಗಳಿಗೆ ಸೆನ್ಸರ್ ಎಷ್ಟು ದೂರ ನೋಡಬಲ್ಲದು ಎಂಬುದಕ್ಕಿಂತ, ಗೇಟಿನ ಆಚೆಗಿನದನ್ನು ಎಷ್ಟರ ಮಟ್ಟಿಗೆ ಲೆಕ್ಕಕ್ಕೆ ತೆಗೆದುಕೊಳ್ಳದೆ ಇರಬಲ್ಲದು ಎಂಬುದೇ ಆಯ್ಕೆಯ ಮೊದಲ ಅಳತೆಗೋಲು.

ಮೊದಲು ಟೇಪು ಹಿಡಿದು ಅಳೆಯಿರಿ

ಮೂವತ್ತು ಅಡಿ ಅಗಲ, ನಲವತ್ತು ಅಡಿ ಉದ್ದದ ನಿವೇಶನದಲ್ಲಿ ಗೇಟಿನಿಂದ ಪೋರ್ಟಿಕೋದ ಒಳಗೋಡೆಗೆ ಒಂದು ಕಾರು ಹಿಡಿಸುವಷ್ಟು ಜಾಗವಿರುತ್ತದೆ. ಅದನ್ನು ಸುಮಾರು ಐದು ಮೀಟರ್ ಎಂದಿಟ್ಟುಕೊಳ್ಳೋಣ. ಗೇಟಿನ ಎದುರು ಮೂವತ್ತು ಅಡಿಯ ರಸ್ತೆಯಿದ್ದರೆ ಅದರ ಅಗಲ ಸುಮಾರು ಒಂಬತ್ತು ಮೀಟರ್. ಪೋರ್ಟಿಕೋದ ಗೋಡೆಗೆ 12 ಮೀಟರ್ ವ್ಯಾಪ್ತಿಯ ಸೆನ್ಸರನ್ನು ಗೇಟಿಗೆ ಮುಖಮಾಡಿ ಹಾಕಿದರೆ ಐದು ಮೀಟರ್ ನಿಮ್ಮ ಜಾಗಕ್ಕೂ ಉಳಿದ ಏಳು ಮೀಟರ್ ರಸ್ತೆಗೂ ಹೋಗುತ್ತದೆ. ಅಂದರೆ ಎದುರು ಮನೆಯವರ ಗೇಟಿನ ಹತ್ತಿರದವರೆಗೂ ನಿಮ್ಮ ಸೆನ್ಸರ್ ಕಾವಲು ಕಾಯುತ್ತಿರುತ್ತದೆ.

ಅಳತೆಯ ಜೊತೆಗೆ ಗೇಟು ಎಂಥದ್ದೆಂಬುದನ್ನೂ ಗಮನಿಸಬೇಕು. ಪೂರ್ತಿ ಕಬ್ಬಿಣದ ಶೀಟು ಹೊದಿಸಿದ ಗೇಟು ಮುಚ್ಚಿರುವಾಗ ಮುಂದೆ ವಿವರಿಸುವ ಹೆಚ್ಚಿನ ಸೆನ್ಸರುಗಳಿಗೆ ರಸ್ತೆ ಕಾಣದಂತೆ ತಡೆಯುತ್ತದೆ. ಸರಳುಗಳ ಗ್ರಿಲ್ ಗೇಟಿಗೆ ಆ ಗುಣವಿಲ್ಲ. ರಸ್ತೆಗಿಂತ ಪೋರ್ಟಿಕೋ ಎತ್ತರದಲ್ಲಿದ್ದು ನಡುವೆ ಇಳಿಜಾರಿನ ರ‍್ಯಾಂಪ್ ಇದ್ದರೆ, ಸೆನ್ಸರಿನ ದೃಷ್ಟಿ ಗೇಟಿನ ಬುಡಕ್ಕೆ ನಿಲ್ಲದೆ ರಸ್ತೆಯ ಕಡೆಗೆ ಇನ್ನಷ್ಟು ಚಾಚುತ್ತದೆ. ಕನಕಪುರ ರಸ್ತೆ, ನೆಲಮಂಗಲ, ದೇವನಹಳ್ಳಿ ಕಡೆಯ ತೋಟದ ಮನೆಗಳ ಲೆಕ್ಕ ಬೇರೆ. ಅಲ್ಲಿ ಗೇಟಿನಿಂದ ಮನೆಗೆ ಉದ್ದನೆಯ ದಾರಿಯಿರುವುದರಿಂದ ದೂರದ ವ್ಯಾಪ್ತಿಗೂ ನಿಸ್ತಂತು ಸಂಪರ್ಕದ ಬಲಕ್ಕೂ ಬೆಲೆಯಿದೆ.

ಪಿಐಆರ್: ಬಿಸಿಯ ವ್ಯತ್ಯಾಸವನ್ನು ಗುರುತಿಸುವ ಸೆನ್ಸರ್

ಅಂಗಡಿಯಲ್ಲಿ ‘ಮೋಷನ್ ಸೆನ್ಸರ್’ ಎಂದು ಕೇಳಿದರೆ ಸಾಮಾನ್ಯವಾಗಿ ಕೈಗೆ ಸಿಗುವುದು ಪಿಐಆರ್, ಅಂದರೆ ಪ್ಯಾಸಿವ್ ಇನ್‌ಫ್ರಾರೆಡ್ ಸೆನ್ಸರ್. ಬಿಸಿಯಾಗಿರುವ ಪ್ರತಿಯೊಂದು ವಸ್ತುವೂ ಕಣ್ಣಿಗೆ ಕಾಣದ ಅವಕೆಂಪು ಕಿರಣಗಳನ್ನು ಹೊರಸೂಸುತ್ತದೆ. ಮನುಷ್ಯನ ಚರ್ಮದಿಂದ ಹೊರಡುವ ಕಿರಣಗಳ ತರಂಗಾಂತರ ಒಂಬತ್ತು ಹತ್ತು ಮೈಕ್ರೋಮೀಟರಿನ ಆಸುಪಾಸಿನಲ್ಲಿ ಅತಿ ಹೆಚ್ಚು ಪ್ರಬಲವಾಗಿರುತ್ತದೆ. ಪಿಐಆರ್ ಸೆನ್ಸರಿನ ಒಳಗಿರುವ ಸಣ್ಣ ತುಣುಕು ಇದೇ ವ್ಯಾಪ್ತಿಯ ಕಿರಣಗಳಿಗೆ ಸ್ಪಂದಿಸುವಂತೆ ತಯಾರಾಗಿದೆ. ‘ಪ್ಯಾಸಿವ್’ ಎಂದರೆ ತಾನಾಗಿ ಯಾವ ಕಿರಣವನ್ನೂ ಬಿಡದೆ, ಬಂದದ್ದನ್ನು ಮಾತ್ರ ಗ್ರಹಿಸುವಂಥದ್ದು. ಆದ್ದರಿಂದ ಇದಕ್ಕೆ ಬೇಕಾಗುವ ವಿದ್ಯುತ್ ಅತ್ಯಲ್ಪ, ಬ್ಯಾಟರಿಯಲ್ಲೂ ಬಹುಕಾಲ ನಡೆಯುತ್ತದೆ.

ಸೆನ್ಸರಿನ ಒಳಗೆ ಶಾಖಕ್ಕೆ ಸ್ಪಂದಿಸುವ ಎರಡು ತುಣುಕುಗಳು ಅಕ್ಕಪಕ್ಕದಲ್ಲಿದ್ದು, ಒಂದರ ವಿದ್ಯುತ್ ಸಂಕೇತ ಇನ್ನೊಂದರದ್ದಕ್ಕೆ ವಿರುದ್ಧವಾಗಿರುವಂತೆ ಜೋಡಣೆಯಾಗಿರುತ್ತವೆ. ಇದನ್ನು ದಿನಸಿ ಅಂಗಡಿಯ ಹಳೆಯ ತಕ್ಕಡಿಯಂತೆ ಊಹಿಸಿಕೊಳ್ಳಬಹುದು. ಬಿಸಿಲೇರಿ ಇಡೀ ಅಂಗಳ ಒಟ್ಟಿಗೆ ಬಿಸಿಯಾದರೆ ಎರಡೂ ತಟ್ಟೆಗಳ ಮೇಲೆ ಒಂದೇ ತೂಕ ಬಿದ್ದಂತಾಗಿ ಮುಳ್ಳು ಅಲುಗುವುದಿಲ್ಲ. ಮನುಷ್ಯನೊಬ್ಬ ಅಡ್ಡಲಾಗಿ ನಡೆದುಹೋದರೆ ಅವನ ಮೈಬಿಸಿ ಮೊದಲು ಒಂದು ತಟ್ಟೆಗೆ, ಆಮೇಲೆ ಇನ್ನೊಂದಕ್ಕೆ ಬಿದ್ದು ಮುಳ್ಳು ಆ ಕಡೆ ಈ ಕಡೆ ಓಲಾಡುತ್ತದೆ. ಸೆನ್ಸರ್ ಚಲನೆ ಎಂದು ಗುರುತಿಸುವುದು ಈ ಓಲಾಟವನ್ನೇ. ಬಿಸಿ ವಸ್ತು ಸುಮ್ಮನೆ ನಿಂತಿದ್ದರೆ ಅದಕ್ಕೆ ಏನೂ ತಿಳಿಯದು.

ಮುಂಭಾಗದ ಹಾಲು ಬಣ್ಣದ ಪ್ಲಾಸ್ಟಿಕ್ಕಿನ ಉಬ್ಬನ್ನು ಹತ್ತಿರದಿಂದ ನೋಡಿದರೆ ಅದು ಸಣ್ಣ ಸಣ್ಣ ಚೌಕಗಳಾಗಿ ಹೋಳಾಗಿರುವುದೂ ಒಂದೊಂದು ಚೌಕದೊಳಗೆ ಕೂದಲೆಳೆಯಂಥ ವೃತ್ತಾಕಾರದ ಗೀರುಗಳಿರುವುದೂ ಕಾಣುತ್ತದೆ. ಇದು ಫ್ರೆನೆಲ್ ಲೆನ್ಸ್. ಪ್ರತಿಯೊಂದು ಚೌಕವೂ ಅಂಗಳದ ಒಂದೊಂದು ಪಟ್ಟಿಯಿಂದ ಬರುವ ಶಾಖವನ್ನು ಒಳಗಿನ ತುಣುಕಿನ ಮೇಲೆ ಕೇಂದ್ರೀಕರಿಸುತ್ತದೆ. ಹೀಗಾಗಿ ಸೆನ್ಸರಿನ ದೃಷ್ಟಿ ಒಂದೇ ಹರವಿನ ಹಾಸಿನಂತಿಲ್ಲ. ಬೀಸಣಿಗೆಯ ಕಡ್ಡಿಗಳ ರೀತಿ ನಡುನಡುವೆ ಖಾಲಿ ಬಿಟ್ಟು ಹರಡಿಕೊಂಡಿರುತ್ತದೆ. ಅಡ್ಡ ನಡೆಯುವವರು ಹಲವು ಪಟ್ಟಿಗಳನ್ನು ದಾಟುತ್ತಾರೆ. ಸೆನ್ಸರಿಗೆ ನೇರ ಎದುರಾಗಿ ನಡೆದು ಬರುವವರು ಒಂದೇ ಪಟ್ಟಿಯೊಳಗೆ ಬಹಳ ಹೊತ್ತು ಇರುತ್ತಾರೆ. ಗೇಟಿನಿಂದ ಬರುವ ದಾರಿಗೆ ಎದುರಾಗಿ, ನಟ್ಟನಡುವೆ ಹಾಕಿದ ಪಿಐಆರ್ ಸೆನ್ಸರ್ ಬಂದವರನ್ನು ತಡವಾಗಿ ಗುರುತಿಸುವುದಕ್ಕೆ ಇದೇ ಕಾರಣ. ಕಾಂಪೌಂಡಿನ ಪಕ್ಕದ ಗೋಡೆಗೆ, ದಾರಿಯನ್ನು ಅಡ್ಡ ಕತ್ತರಿಸುವಂತೆ ಹಾಕಿದರೆ ಎರಡು ಲಾಭ: ಬಂದವರು ಬೇಗ ಸಿಕ್ಕಿಬೀಳುತ್ತಾರೆ, ರಸ್ತೆಯೂ ದೃಷ್ಟಿಯಿಂದ ಹೊರಗುಳಿಯುತ್ತದೆ.

ಗಾಜು ಈ ಶಾಖದ ಕಿರಣಗಳನ್ನು ಒಳಬಿಡುವುದಿಲ್ಲ. ಮಳೆಗೆ ನೆನೆಯದಿರಲೆಂದು ಕಿಟಕಿಯ ಗಾಜಿನ ಹಿಂದೆ ಪಿಐಆರ್ ಸೆನ್ಸರ್ ಇಟ್ಟರೆ ಅದು ಕೆಲಸ ಮಾಡದು. ಇದೇ ಕಾರಣಕ್ಕೆ ಕಿಟಕಿ ಏರಿಸಿಕೊಂಡು ಕಾರಿನೊಳಗೆ ಕೂತ ಚಾಲಕನ ಮೈಬಿಸಿಯೂ ಅದಕ್ಕೆ ತಿಳಿಯುವುದಿಲ್ಲ. ಅದು ಗುರುತಿಸುವುದು ಕಾರಿನ ಬಾನೆಟ್, ಸೈಲೆನ್ಸರ್, ಟೈರುಗಳ ಬಿಸಿಯನ್ನು. ಎಂಜಿನ್ನಿನ ಬಿಸಿಯಿಲ್ಲದ ಎಲೆಕ್ಟ್ರಿಕ್ ಕಾರು ಇದಕ್ಕೆ ಪೆಟ್ರೋಲ್ ಕಾರಿಗಿಂತ ಮಂಕಾಗಿ ಕಾಣುತ್ತದೆ. ಎಲೆಕ್ಟ್ರಿಕ್ ಸ್ಕೂಟರಿಗೆ ಆ ತೊಂದರೆಯಿಲ್ಲ, ಸವಾರನ ಮೈಬಿಸಿಯೇ ಸಾಕು.

ಪೂರ್ವ ದಿಕ್ಕಿನ ಗೇಟು ಮತ್ತು ಏಪ್ರಿಲ್ ತಿಂಗಳ ಸೆಕೆ

ವಾಸ್ತು ನೋಡುವವರು ಪೂರ್ವ ದಿಕ್ಕಿನ ಬಾಗಿಲಿಗೆ ಹೆಚ್ಚು ಬೆಲೆ ಕೊಡುವುದರಿಂದ ನಗರದಲ್ಲಿ ಪೂರ್ವಕ್ಕೆ ಗೇಟಿರುವ ಮನೆಗಳು ಬಹಳ. ಬೆಂಗಳೂರು ಸುಮಾರು 13 ಡಿಗ್ರಿ ಉತ್ತರ ಅಕ್ಷಾಂಶದಲ್ಲಿದೆ. ಇಲ್ಲಿ ಸೂರ್ಯ ವರ್ಷದ ಯಾವ ದಿನವೂ ನೇರ ಪೂರ್ವದಿಂದ ಹೆಚ್ಚೆಂದರೆ 24 ಡಿಗ್ರಿ ಆಚೀಚೆಗೆ ಸರಿದು ಹುಟ್ಟುತ್ತಾನೆ. ಪೋರ್ಟಿಕೋದ ಗೋಡೆಯಿಂದ ಗೇಟಿನ ಕಡೆಗೆ ನೋಡುವ, ನೂರು ನೂರಿಪ್ಪತ್ತು ಡಿಗ್ರಿ ಹರವಿನ ಸೆನ್ಸರಿಗೆ, ಎದುರು ಎತ್ತರದ ಕಟ್ಟಡವಿಲ್ಲದಿದ್ದರೆ, ಮೋಡವಿಲ್ಲದ ಪ್ರತಿ ಬೆಳಗ್ಗೆಯೂ ಎಳೆಬಿಸಿಲು ನೇರವಾಗಿ ಮುಖಕ್ಕೆ ಹೊಡೆಯುತ್ತದೆ. ಸ್ಥಿರವಾದ ಬಿಸಿಲನ್ನು ಸೆನ್ಸರ್ ಸಹಿಸಿಕೊಳ್ಳಬಲ್ಲದು. ಆದರೆ ಎದುರಿನ ಹೊಂಗೆ ಮರದ ಎಲೆಗಳ ನಡುವಿನಿಂದ ಬಿಸಿಲು ಮಿನುಗಿದಾಗ, ಅಥವಾ ಮೋಡ ಸರಿದು ಶೀಟು ಗೇಟು ಥಟ್ಟನೆ ಕಾದಾಗ ಸುಳ್ಳು ಎಚ್ಚರಿಕೆ ಬರುತ್ತದೆ. ಪಶ್ಚಿಮದ ಗೇಟಿಗೆ ಇದೇ ತೊಂದರೆ ಸಂಜೆ. ಮನೆಯ ದಿಕ್ಕನ್ನು ಬದಲಿಸಲಾಗದು, ಸೆನ್ಸರಿನ ದಿಕ್ಕನ್ನು ಬದಲಿಸಬಹುದು. ಪೂರ್ವ–ಪಶ್ಚಿಮ ಗೇಟಿರುವ ಮನೆಗಳಲ್ಲಿ ಉತ್ತರಕ್ಕೋ ದಕ್ಷಿಣಕ್ಕೋ ಮುಖಮಾಡುವ ಪಕ್ಕದ ಗೋಡೆಯೇ ಸೂಕ್ತ.

ಸೆಕೆಯ ಪ್ರಶ್ನೆ ಇನ್ನೊಂದು. ಪಿಐಆರ್‌ಗೆ ಬೇಕಾದುದು ಮನುಷ್ಯನಿಗೂ ಅವನ ಹಿಂದಿನ ಗೋಡೆ ಇಲ್ಲವೇ ನೆಲಕ್ಕೂ ಇರುವ ಬಿಸಿಯ ವ್ಯತ್ಯಾಸ. ಚರ್ಮದ ಮೇಲ್ಮೈಯ ಉಷ್ಣತೆ ಸಾಮಾನ್ಯವಾಗಿ ಮೂವತ್ಮೂರು ಮೂವತ್ನಾಲ್ಕು ಡಿಗ್ರಿ. ಬೆಂಗಳೂರಿನಲ್ಲಿ ಏಪ್ರಿಲ್ ತಿಂಗಳ ಗರಿಷ್ಠ ಉಷ್ಣಾಂಶವೂ ಅಲ್ಲೇ ಸುತ್ತಾಡುತ್ತದೆ. 2016ರ ಏಪ್ರಿಲ್‌ನಲ್ಲಿ ಅದು 39.2 ಡಿಗ್ರಿ ಮುಟ್ಟಿತ್ತು. ನಡು ಮಧ್ಯಾಹ್ನ ಕಾದ ಸಿಮೆಂಟು ನೆಲದ ಎದುರು ಮನುಷ್ಯ ತಣ್ಣಗಿನ ವಸ್ತುವಾಗಿ ಕಾಣುತ್ತಾನೆ, ಅದೂ ವ್ಯತ್ಯಾಸವೇ. ನೆಲವೂ ಮೈಯೂ ಹೆಚ್ಚುಕಡಿಮೆ ಒಂದೇ ಬಿಸಿಗೆ ಬರುವ ಇಳಿಹೊತ್ತಿನಲ್ಲಿ ಸೆನ್ಸರ್ ಮಂಕಾಗುತ್ತದೆ. ‘ಟೆಂಪರೇಚರ್ ಕಾಂಪೆನ್ಸೇಷನ್’ ಎಂದು ಬರೆದಿರುವ ಸೆನ್ಸರುಗಳು ಸುತ್ತಲಿನ ಬಿಸಿಯನ್ನು ಅಳೆದು ಇಂಥ ಹೊತ್ತಿನಲ್ಲಿ ತಮ್ಮ ಸೂಕ್ಷ್ಮತೆಯನ್ನು ತಾವೇ ಏರಿಸಿಕೊಳ್ಳುತ್ತವೆ. ಹೊರಾಂಗಣಕ್ಕೆ ಈ ಸೌಲಭ್ಯವಿರುವುದನ್ನೇ ಕೇಳಿ ಕೊಳ್ಳುವುದು ಒಳ್ಳೆಯದು.

ಮೈಕ್ರೋವೇವ್: ಹತ್ತಿರವಾಗುವುದನ್ನು ಗುರುತಿಸುವ ಸೆನ್ಸರ್

ಈ ಬಗೆಯ ಸೆನ್ಸರ್ ತಾನೇ ದುರ್ಬಲವಾದ ರೇಡಿಯೋ ಅಲೆಗಳನ್ನು ಬಿಟ್ಟು, ಎದುರಿಗಿರುವ ವಸ್ತುಗಳಿಂದ ಮರಳಿ ಬಂದದ್ದನ್ನು ಪರಿಶೀಲಿಸುತ್ತದೆ. ವಸ್ತು ಹತ್ತಿರ ಬರುತ್ತಿದ್ದರೆ ಮರಳಿದ ಅಲೆಯ ಆವರ್ತನ ತುಸು ಹೆಚ್ಚಾಗಿರುತ್ತದೆ, ದೂರ ಹೋಗುತ್ತಿದ್ದರೆ ತುಸು ಕಡಿಮೆ; ಇದಕ್ಕೆ ಡಾಪ್ಲರ್ ಪರಿಣಾಮ ಎಂದು ಹೆಸರು. ಸಾಮಾನ್ಯವಾಗಿ ಬಳಕೆಯಲ್ಲಿರುವ 10.525 ಗಿಗಾಹರ್ಟ್ಸ್ ಸೆನ್ಸರಿನ ಕಡೆಗೆ ಒಬ್ಬರು ಸೆಕೆಂಡಿಗೆ ಒಂದು ಮೀಟರ್ ವೇಗದಲ್ಲಿ ನಡೆದು ಬಂದರೆ ಆಗುವ ವ್ಯತ್ಯಾಸ ಕೇವಲ 70 ಹರ್ಟ್ಸ್. ಅಷ್ಟನ್ನು ಗುರುತಿಸಲು ಅದರ ಸರ್ಕ್ಯೂಟಿಗೆ ಸಾಧ್ಯವಿದೆ.

ಬಿಸಿಲಾಗಲಿ ಸೆಕೆಯಾಗಲಿ ಇದನ್ನು ಬಾಧಿಸುವುದಿಲ್ಲ, ಎದುರಾಗಿ ಬರುವ ವಸ್ತುವೇ ಇದಕ್ಕೆ ಚೆನ್ನಾಗಿ ಕಾಣುತ್ತದೆ. ಅಂದರೆ ಪಿಐಆರ್ ಎಲ್ಲಿ ದುರ್ಬಲವೋ ಅಲ್ಲಿ ಇದು ಪ್ರಬಲ. ಇದರ ದೋಷವೆಂದರೆ ರೇಡಿಯೋ ಅಲೆಗಳು ಪ್ಲಾಸ್ಟಿಕ್, ಪ್ಲೈವುಡ್, ಗಾಜು ಇವುಗಳನ್ನು ದಾಟಿಹೋಗುತ್ತವೆ, ತೆಳು ಗೋಡೆಯನ್ನೂ ಸ್ವಲ್ಪ ಮಟ್ಟಿಗೆ ದಾಟುತ್ತವೆ. ಲೋಹದ ಶೀಟು ಮಾತ್ರ ಅವುಗಳನ್ನು ತಿರುಗಿಸಿ ಕಳಿಸುತ್ತದೆ. ಕಾಂಪೌಂಡಿನ ಆಚೆ ಹೋಗುವ ನೀರಿನ ಟ್ಯಾಂಕರು ಇದಕ್ಕೆ ದೊಡ್ಡ ಚಲನೆಯಾಗಿಯೇ ತೋರಬಹುದು. ಅಷ್ಟಾಗಿ ಯಾರೂ ಗಮನಿಸದ ಇನ್ನೊಂದು ಸಂಗತಿ ಮಳೆನೀರಿನ ಪೈಪು. ಜಲಮಂಡಳಿಯ ಕಾಯ್ದೆಗೆ 2009ರಲ್ಲಿ ತಿದ್ದುಪಡಿಯಾಗಿ ಮಳೆನೀರು ಸಂಗ್ರಹ ಕಡ್ಡಾಯವಾದ ಮೇಲೆ, ತಾರಸಿಯಿಂದ ಸಂಪಿಗೆ ಇಳಿಯುವ ಪಿವಿಸಿ ಪೈಪು ಪೋರ್ಟಿಕೋದ ಮೂಲೆಯಲ್ಲಿ ಇರುವುದು ಸಾಮಾನ್ಯವಾಗಿದೆ. ಪ್ಲಾಸ್ಟಿಕ್ ಪೈಪಿನೊಳಗೆ ಧುಮುಕುವ ನೀರೂ ಮೈಕ್ರೋವೇವ್ ಸೆನ್ಸರಿಗೆ ಚಲನೆಯೇ ಆದ್ದರಿಂದ, ಪೈಪಿನ ಪಕ್ಕದಲ್ಲಿ ಹಾಕಿದ ಸೆನ್ಸರ್ ಮಳೆ ನಿಲ್ಲುವವರೆಗೂ ಬಡಿದುಕೊಳ್ಳುತ್ತಿರುತ್ತದೆ.

ಹೀಗಾಗಿ ಹೊರಾಂಗಣಕ್ಕೆ ಒಂಟಿ ಮೈಕ್ರೋವೇವ್ ಸೆನ್ಸರಿಗಿಂತ ‘ಡ್ಯುಯಲ್ ಟೆಕ್ನಾಲಜಿ’ ಎಂದು ಮಾರುವ ಜೋಡಿ ಸೆನ್ಸರ್ ಮೇಲು. ಪಿಐಆರ್ ಮತ್ತು ಮೈಕ್ರೋವೇವ್ ಎರಡೂ ಒಟ್ಟಿಗೆ ಒಪ್ಪಿದರೆ ಮಾತ್ರ ಇದು ಎಚ್ಚರಿಸುತ್ತದೆ. ಬಿಸಿಲಿನ ಮಿನುಗು ಮೈಕ್ರೋವೇವಿಗೆ ತಿಳಿಯದು, ಪೈಪಿನ ನೀರು ಪಿಐಆರ್‌ಗೆ ತಿಳಿಯದು. ಒಂದಕ್ಕೆ ಅಡ್ಡ ಚಲನೆ, ಇನ್ನೊಂದಕ್ಕೆ ಎದುರಿನ ಚಲನೆ ಬೇಕಾಗಿರುವುದರಿಂದ ಜೋಡಿ ಸೆನ್ಸರನ್ನು ದಾರಿಗೆ ಓರೆಯಾಗಿ, ಮೂಲೆಯಲ್ಲಿ ಹಾಕಬೇಕು.

ಗೇಟಿನ ಕಂಬದಿಂದ ಕಂಬಕ್ಕೆ ಒಂದು ಕಿರಣ

ಮಾಲುಗಳ ಮತ್ತು ಅಪಾರ್ಟ್‌ಮೆಂಟುಗಳ ತಾನಾಗಿ ಸರಿಯುವ ಗೇಟುಗಳ ಪಕ್ಕದಲ್ಲಿ, ಮೊಣಕಾಲಿನ ಎತ್ತರಕ್ಕೆ ಎದುರುಬದುರಾಗಿ ಎರಡು ಕಪ್ಪು ಮುಖದ ಡಬ್ಬಿಗಳಿರುವುದನ್ನು ಅನೇಕರು ನೋಡಿರಬಹುದು. ಒಂದು ಅವಕೆಂಪು ಕಿರಣವನ್ನು ಬಿಡುತ್ತದೆ, ಇನ್ನೊಂದು ಹಿಡಿಯುತ್ತದೆ. ನಡುವೆ ಏನಾದರೂ ಬಂದು ಕಿರಣ ತುಂಡಾದರೆ ಸಂಕೇತ ಹೋಗುತ್ತದೆ. ರಸ್ತೆಗೆ ಅಂಟಿಕೊಂಡ ಗೇಟಿರುವ ಬೆಂಗಳೂರಿನ ಮನೆಗಳಿಗೆ ನನ್ನ ಲೆಕ್ಕದಲ್ಲಿ ಅತ್ಯಂತ ಹೊಂದುವ, ಆದರೆ ಅಂಗಡಿಯವರು ಅಷ್ಟಾಗಿ ಹೇಳದ ಬಗೆ ಇದು. ಕಾರಣ ಸರಳ: ಕಿರಣ ಗೇಟಿನ ಒಳಬದಿಯಲ್ಲಿ ಒಂದು ಗೆರೆಯಾಗಿ ಇರುತ್ತದೆ, ಆ ಗೆರೆಯ ಆಚೆ ರಸ್ತೆಯಲ್ಲಿ ತೇರೇ ಹೋದರೂ ಅದಕ್ಕೆ ಸಂಬಂಧವಿಲ್ಲ.

ಒಂದೇ ಕಿರಣವಿದ್ದರೆ ಹಾರುವ ಹಕ್ಕಿಯೋ ಉದುರುವ ಎಲೆಯೋ ಅದನ್ನು ತುಂಡರಿಸಬಹುದು. ಅದಕ್ಕಾಗಿ ಒಂದರ ಮೇಲೊಂದು ಎರಡು ಕಿರಣಗಳಿದ್ದು, ಎರಡೂ ಏಕಕಾಲಕ್ಕೆ ತುಂಡಾದರೆ ಮಾತ್ರ ಸಂಕೇತ ಕೊಡುವ ‘ಟ್ವಿನ್ ಬೀಮ್’ ಜೋಡಿಯನ್ನು ಕೊಳ್ಳಬೇಕು. ನೆಲದಿಂದ ಸುಮಾರು ಮುಕ್ಕಾಲು ಮೀಟರ್ ಎತ್ತರದಲ್ಲಿ ಕೂರಿಸಿದರೆ ಬೀದಿನಾಯಿ, ಬೆಕ್ಕುಗಳು ಕೆಳಗಿನಿಂದ ದಾಟಿಹೋಗುತ್ತವೆ, ಮನುಷ್ಯರೂ ಕಾರುಗಳೂ ತಪ್ಪಿಸಿಕೊಳ್ಳಲಾರವು. ಹಿಡಿಯುವ ಡಬ್ಬಿಯ ಮುಖಕ್ಕೆ ನೇರ ಬಿಸಿಲು ಬೀಳದ ಕಡೆಯನ್ನು ಆರಿಸಬೇಕು. ಒಳಕ್ಕೆ ತೆರೆಯುವ ಗೇಟಿನ ರೆಕ್ಕೆ ಕಿರಣಕ್ಕೆ ಅಡ್ಡ ಬರದಷ್ಟು ಹಿಂದಕ್ಕೆ ಇಡಬೇಕು. ಕೊರತೆಯೆಂದರೆ ಎರಡೂ ಬದಿಗೆ ಸಾಮಾನ್ಯವಾಗಿ ವೈರು ಎಳೆಯಬೇಕಾಗುತ್ತದೆ. ಟೈಲ್ಸ್ ಹಾಕಿ ಮುಗಿಸಿದ ಅಂಗಳದಲ್ಲಿ ಅದು ಸುಲಭವಲ್ಲ. ಮನೆ ಕಟ್ಟಿಸುತ್ತಿರುವವರು ಗೇಟಿನ ಎರಡೂ ಕಂಬಗಳಿಗೆ ಈಗಲೇ ಒಂದೊಂದು ಕಾಂಡ್ಯೂಟ್ ಪೈಪು ಹಾಕಿಸಿಟ್ಟರೆ ಮುಂದೆ ಅಗೆಯುವ ಕೆಲಸ ತಪ್ಪುತ್ತದೆ.

ವಾಹನವನ್ನು ಮಾತ್ರ ಗುರುತಿಸುವ ಅಯಸ್ಕಾಂತೀಯ ಸೆನ್ಸರ್

ಭೂಮಿಯ ಕಾಂತಕ್ಷೇತ್ರ ಎಲ್ಲೆಡೆ ಇದೆ, ಅದರ ಬಲ ಜಾಗದಿಂದ ಜಾಗಕ್ಕೆ ಸುಮಾರು 25ರಿಂದ 65 ಮೈಕ್ರೋಟೆಸ್ಲಾ. ಕಾರಿನಂಥ ಕಬ್ಬಿಣದ ರಾಶಿ ಹತ್ತಿರ ಬಂದಾಗ ಈ ಕ್ಷೇತ್ರ ತುಸು ಡೊಂಕಾಗುತ್ತದೆ. ದಾರಿಯ ಪಕ್ಕದಲ್ಲಿ ಹೂತಿಟ್ಟ ಕೊಳವೆಯಾಕಾರದ ಸೆನ್ಸರ್ ಆ ಬದಲಾವಣೆಯನ್ನು ಗ್ರಹಿಸುತ್ತದೆ. ನಾಯಿ, ಮಳೆ, ಬಿಸಿಲು, ಎಲೆ ಯಾವುದಕ್ಕೂ ಇದು ಜಗ್ಗದು. ನಡೆದು ಬರುವ ಮನುಷ್ಯನಿಗೂ ಜಗ್ಗದು ಎಂಬುದನ್ನು ಮರೆಯಬಾರದು. ಸ್ಕೂಟರಿನಲ್ಲಿ ಕಬ್ಬಿಣ ಕಡಿಮೆಯಿರುವುದರಿಂದ ಅದು ತೀರ ಹತ್ತಿರದಲ್ಲಿ ಹಾದುಹೋದರೆ ಮಾತ್ರ ತಿಳಿಯುತ್ತದೆ. ಕಬ್ಬಿಣದ ಗೇಟು ಅಲುಗಿದರೂ ಈ ಸೆನ್ಸರ್ ಎಚ್ಚರಗೊಳ್ಳುವುದರಿಂದ ಗೇಟಿನಿಂದ ಕೆಲವು ಮೀಟರ್ ದೂರವಿರಬೇಕು, ರಸ್ತೆಯಿಂದಲೂ ದೂರವಿರಬೇಕು. ಮೂವತ್ತು–ನಲವತ್ತರ ಸೈಟಿನಲ್ಲಿ ಅಷ್ಟು ದೂರ ಎಲ್ಲಿಂದ ಬಂತು? ತೋಟದ ಮನೆಯ ಉದ್ದನೆಯ ಮಣ್ಣಿನ ದಾರಿಗೆ ಇದಕ್ಕಿಂತ ನಂಬಿಕಸ್ಥ ಸಾಧನ ಇಲ್ಲ.

ಕ್ಯಾಮೆರಾ ಇದ್ದರೆ ಸಾಲದೇ?

ಈಗಿನ ಸಿಸಿಟಿವಿ ಕ್ಯಾಮೆರಾಗಳಲ್ಲಿಯೂ ಚಲನೆ ಗುರುತಿಸುವ ಸೌಲಭ್ಯವಿದೆ. ಸರಳ ಮಾದರಿಗಳು ಒಂದು ಚಿತ್ರಕ್ಕೂ ಮುಂದಿನ ಚಿತ್ರಕ್ಕೂ ನಡುವೆ ಬೆಳಕಿನ ಚುಕ್ಕೆಗಳು ಎಷ್ಟು ಬದಲಾದವು ಎಂದು ಎಣಿಸುತ್ತವೆ. ಹೆಡ್‌ಲೈಟಿನ ಬೆಳಕು ಗೋಡೆಯ ಮೇಲೆ ಸರಿದರೂ, ಮರದ ನೆರಳು ಆಡಿದರೂ ಅವುಗಳಿಗೆ ಚಲನೆಯೇ. ರಾತ್ರಿ ಹೊತ್ತು ಕ್ಯಾಮೆರಾದ ಸುತ್ತಲಿನ ಅವಕೆಂಪು ದೀಪಗಳ ಎದುರು ಹಾರುವ ಹುಳುವೂ, ಅಲ್ಲೇ ಬಲೆ ಕಟ್ಟುವ ಜೇಡವೂ ಚಿತ್ರದಲ್ಲಿ ಬೆಳ್ಳಗೆ ದೊಡ್ಡದಾಗಿ ಹೊಳೆಯುತ್ತವೆ. ಮನುಷ್ಯ, ವಾಹನ, ಪ್ರಾಣಿ ಎಂದು ಬೇರ್ಪಡಿಸಬಲ್ಲ ಹೊಸ ಮಾದರಿಗಳು ಎಷ್ಟೋ ಉತ್ತಮ. ಚಿತ್ರದ ಮೇಲೆ ಗೆರೆ ಎಳೆದು ‘ಗೇಟಿನ ಒಳಗಿನದನ್ನು ಮಾತ್ರ ನೋಡು’ ಎಂದು ಹೇಳುವ ಅವಕಾಶವೂ ಅವುಗಳಲ್ಲಿರುತ್ತದೆ. ಬಂದವರು ಯಾರು ಎಂಬುದನ್ನು ತಿಳಿಸಲು ಕ್ಯಾಮೆರಾವೇ ಬೇಕು. ಯಾರೋ ಬಂದರು ಎಂಬುದನ್ನು ತಡವಿಲ್ಲದೆ, ಇಂಟರ್‌ನೆಟ್ ಇಲ್ಲದಿದ್ದರೂ ತಿಳಿಸಲು ಸೆನ್ಸರ್ ಸಾಕು.

ಇಂಟರ್‌ನೆಟ್ಟಿಗೆ ಸೇರುವ ಕ್ಯಾಮೆರಾ ಕೊಳ್ಳುವಾಗ ಅದು ಸೈಬರ್ ಭದ್ರತೆಯ ಪರೀಕ್ಷೆ ಮುಗಿಸಿದ್ದೇ ಎಂದು ವಿಚಾರಿಸಬೇಕು. ಈ ಪರೀಕ್ಷೆಯನ್ನು ಕಡ್ಡಾಯ ಮಾಡಿದ ಕೇಂದ್ರ ಸರ್ಕಾರದ ನಿಯಮ 2025ರ ಏಪ್ರಿಲ್‌ನಿಂದ ಜಾರಿಯಲ್ಲಿದೆ. ಕ್ಯಾಮೆರಾದ ಕಣ್ಣು ಎದುರು ಮನೆಯ ಬಾಗಿಲಿನ ಮೇಲೆ ಬೀಳದಂತೆ ನೋಡಿಕೊಳ್ಳುವುದೂ ಮಾಲೀಕರ ಹೊಣೆ. ಖಾಸಗಿತನ ಮೂಲಭೂತ ಹಕ್ಕು ಎಂದು ಸುಪ್ರೀಂ ಕೋರ್ಟಿನ ಒಂಬತ್ತು ನ್ಯಾಯಮೂರ್ತಿಗಳ ಪೀಠ 2017ರ ಆಗಸ್ಟ್ 24ರಂದು ತೀರ್ಪು ಕೊಟ್ಟಿತು. ಆ ಮೊಕದ್ದಮೆ ಹೂಡಿದ್ದವರು ಬೆಂಗಳೂರಿನವರೇ ಆದ, ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿ. ಪಿಐಆರ್ ಮತ್ತು ಕಿರಣದ ಸೆನ್ಸರುಗಳಿಗೆ ಯಾರ ಮುಖವೂ ಕಾಣದ ಕಾರಣ ಅವುಗಳಿಂದ ನೆರೆಯವರೊಂದಿಗೆ ಇಂಥ ತಕರಾರು ಹುಟ್ಟುವುದಿಲ್ಲ.

ನಾಯಿ, ಬೆಕ್ಕು, ಹಲ್ಲಿ

ಬಿಬಿಎಂಪಿ 2023ರಲ್ಲಿ ನಡೆಸಿದ ಗಣತಿಯ ಪ್ರಕಾರ ನಗರದಲ್ಲಿ ಸುಮಾರು 2.79 ಲಕ್ಷ ಬೀದಿನಾಯಿಗಳಿದ್ದವು. ಮಳೆ ಬಂದಾಗ, ಚಳಿಯಾದಾಗ ಇವು ಗೇಟಿನಡಿಯ ಸಂದಿನಿಂದ ನುಸುಳಿ ಕಾರಿನಡಿ ಮಲಗುವುದು ಎಲ್ಲರಿಗೂ ಗೊತ್ತಿರುವ ವಿಷಯ. ಇದಕ್ಕೆ ಉತ್ತರವಾಗಿ ‘ಪೆಟ್ ಇಮ್ಯೂನ್, 25 ಕಿಲೋವರೆಗೆ’ ಎಂದು ಬರೆದ ಸೆನ್ಸರುಗಳು ಸಿಗುತ್ತವೆ. ಸೆನ್ಸರ್ ಯಾವ ಪ್ರಾಣಿಯನ್ನೂ ತೂಗುವುದಿಲ್ಲ. ಅದು ಅಂದಾಜಿಸುವುದು ಶಾಖದ ಗಾತ್ರವನ್ನು, ಅದೂ ಪ್ರಾಣಿ ನೆಲದ ಮೇಲಿದೆ ಎಂಬ ಊಹೆಯಲ್ಲಿ. ಕಾಂಪೌಂಡಿನ ಮೇಲೆ ನಡೆಯುವ ಬೆಕ್ಕು, ಕಾರಿನ ಮೇಲೆ ಹಾರುವ ಕೋತಿ ಸೆನ್ಸರಿಗೆ ಹತ್ತಿರವಾಗುವುದರಿಂದ ದೊಡ್ಡದಾಗಿ ಕಂಡು ಆ ಊಹೆ ತಲೆಕೆಳಗಾಗುತ್ತದೆ. ಹೊರಾಂಗಣಕ್ಕೆಂದೇ ಮಾಡಿದ ಕೆಲವು ಸೆನ್ಸರುಗಳಲ್ಲಿ ಮೇಲೊಂದು ಕೆಳಗೊಂದು ಪಿಐಆರ್ ಇದ್ದು, ಎರಡಕ್ಕೂ ಒಟ್ಟಿಗೆ ಕಂಡರೆ ಮಾತ್ರ ಎಚ್ಚರಿಸುತ್ತವೆ. ನಾಯಿ ಕೆಳಗಿನದಕ್ಕೆ ಮಾತ್ರ ಸಿಗುತ್ತದೆ, ಮನುಷ್ಯ ಎರಡಕ್ಕೂ ಸಿಗುತ್ತಾನೆ. ಇವುಗಳ ಬೆಲೆ ಹೆಚ್ಚು, ಆದರೆ ಬೀದಿನಾಯಿಗಳ ಓಡಾಟ ಇರುವ ಕಡೆ ಕೊಟ್ಟ ಹಣಕ್ಕೆ ಮೋಸವಿಲ್ಲ.

ಹಲ್ಲಿಯ ಮೈ ಸುತ್ತಲಿನ ಗೋಡೆಯಷ್ಟೇ ಬಿಸಿಯಿರುವುದರಿಂದ ದೂರದಲ್ಲಿರುವಾಗ ಪಿಐಆರ್‌ಗೆ ಅದು ಲೆಕ್ಕಕ್ಕಿಲ್ಲ. ಲೆನ್ಸಿನ ಮೇಲೆಯೇ ಹರಿದಾಡಿದರೆ ಹಿಂದಿನ ದೃಶ್ಯವನ್ನು ಮುಚ್ಚಿ ತೆರೆದು ಗೊಂದಲ ಮಾಡುತ್ತದೆ. ಟ್ಯೂಬ್‌ಲೈಟಿನ ಪಕ್ಕ ಹುಳುಗಳಿಗಾಗಿ ಹಲ್ಲಿಗಳು ಕಾಯುವುದರಿಂದ ಸೆನ್ಸರನ್ನು ದೀಪದಿಂದ ದೂರವಿಡುವುದೇ ಇದಕ್ಕೆ ಮದ್ದು.

ಪೆಟ್ಟಿಗೆಯ ಮೇಲಿನ ಬರಹ ಓದುವ ಬಗೆ

ಐಪಿ ಎಂಬ ಅಕ್ಷರಗಳ ಮುಂದಿನ ಮೊದಲ ಅಂಕಿ ದೂಳಿಗೆ, ಎರಡನೆಯದು ನೀರಿಗೆ ಸಂಬಂಧಿಸಿದ್ದು. ಮೊದಲನೆಯದು 6 ಇದ್ದರೆ ದೂಳು ಒಳಹೋಗುವುದೇ ಇಲ್ಲ. ಎರಡನೆಯದು 4 ಇದ್ದರೆ ಎರಚಲು ನೀರನ್ನು, 5 ಇದ್ದರೆ ಪಿಚಕಾರಿಯ ನೀರನ್ನು, 6 ಇದ್ದರೆ ಇನ್ನೂ ಜೋರಾದ ನೀರನ್ನು ತಡೆಯುತ್ತದೆ. ಪೋರ್ಟಿಕೋದ ಸೂರಿನಡಿ ಐಪಿ54 ಸಾಕು. ಮೇ ತಿಂಗಳ ಸಂಜೆಯ ಗಾಳಿಮಳೆ ನೇರವಾಗಿ ಹೊಡೆಯುವ ಗೇಟಿನ ಕಂಬಕ್ಕೆ ಐಪಿ65 ಇಲ್ಲವೇ 66 ಬೇಕು. ವೈರು ಒಳಹೋಗುವ ತೂತು ಮೇಲ್ಮುಖವಾಗಿದ್ದರೆ ಈ ಅಂಕಿಗಳಿಗೆಲ್ಲ ಅರ್ಥವಿಲ್ಲ. ವೈರು ಕೆಳಗಿನಿಂದಲೇ ಒಳಹೋಗಬೇಕು.

ವೈರಿಲ್ಲದ ಸೆನ್ಸರುಗಳಲ್ಲಿ ಆವರ್ತನವನ್ನು ನೋಡಬೇಕು. ಭಾರತದಲ್ಲಿ 433ರಿಂದ 434, ಹಾಗೂ 865ರಿಂದ 868 ಮೆಗಾಹರ್ಟ್ಸ್ ಪಟ್ಟಿಗಳಲ್ಲಿ ಕಡಿಮೆ ಶಕ್ತಿಯ ಸಾಧನಗಳಿಗೆ ಪರವಾನಗಿ ಬೇಕಿಲ್ಲ. ವೈಫೈ ಮತ್ತು ಮನೆಯ ಸಣ್ಣ ಸಾಧನಗಳನ್ನು ವೈರಿಲ್ಲದೆ ಜೋಡಿಸುವ ಜಿಗ್‌ಬೀ ವ್ಯವಸ್ಥೆ ಬಳಸುವ 2.4 ಗಿಗಾಹರ್ಟ್ಸ್ ಕೂಡ ಮುಕ್ತ. ಅಮೆರಿಕದಿಂದ ಮಕ್ಕಳು ತಂದುಕೊಡುವ ಸೆಟ್ಟುಗಳು ಅನೇಕ ವೇಳೆ 902ರಿಂದ 928 ಮೆಗಾಹರ್ಟ್ಸ್ ಪಟ್ಟಿಯಲ್ಲಿರುತ್ತವೆ. ಅಲ್ಲಿ ಅದು ಮುಕ್ತ, ಇಲ್ಲಿ ಅದರ ಒಂದು ಭಾಗ ಮೊಬೈಲ್ ಕಂಪನಿಗಳಿಗೆ ಹಂಚಿಕೆಯಾಗಿದೆ. ಪ್ರೀತಿಯಿಂದ ತಂದದ್ದೆಂದು ಬಳಸುವಂತಿಲ್ಲ. ಗೋಡೆ, ಸ್ಲ್ಯಾಬುಗಳನ್ನು ದಾಟಿ ಮಹಡಿಗೆ ಸಂಕೇತ ಹೋಗಬೇಕಿದ್ದರೆ ಕಡಿಮೆ ಆವರ್ತನವೇ ಅನುಕೂಲ. ಬ್ಯಾಟರಿಯಲ್ಲಿ ನಡೆಯುವ ವೈಫೈ ಸೆನ್ಸರ್ ಶಕ್ತಿ ಉಳಿಸಲು ನಿದ್ದೆಯಲ್ಲಿದ್ದು, ಚಲನೆ ಕಂಡ ಮೇಲೆ ಎದ್ದು ರೂಟರನ್ನು ಸೇರುವ ಹೊತ್ತಿಗೆ ಕೆಲವು ಸೆಕೆಂಡು ಕಳೆದಿರುತ್ತದೆ. ಐದು ಮೀಟರಿನ ಅಂಗಳದಲ್ಲಿ ಅಷ್ಟು ಹೊತ್ತಿಗೆ ಬಂದವರು ಬಾಗಿಲು ಬಡಿಯುತ್ತಿರುತ್ತಾರೆ.

ಕರೆಂಟು ಮತ್ತು ವೈರಿಂಗ್

ದೀಪಕ್ಕೆ ಜೋಡಿಸುವ ಸೆನ್ಸರುಗಳಲ್ಲಿ ಎರಡು ವೈರಿನದು, ಮೂರು ವೈರಿನದು ಎಂಬ ಎರಡು ಬಗೆಗಳಿವೆ. ಮೂರು ವೈರಿನದಕ್ಕೆ ನ್ಯೂಟ್ರಲ್, ಅಂದರೆ ಕರೆಂಟು ಮರಳಿಹೋಗುವ ವೈರು ಬೇಕು. ಹಳೆಯ ಮನೆಗಳ ಸ್ವಿಚ್ ಬೋರ್ಡಿನಲ್ಲಿ ಎಷ್ಟೋ ಸಲ ಅದು ಇರುವುದೇ ಇಲ್ಲ, ದೀಪದ ಪಾಯಿಂಟಿನ ಹತ್ತಿರ ಮಾತ್ರ ಸಿಗುತ್ತದೆ. ಎರಡು ವೈರಿನ ಸೆನ್ಸರ್ ದೀಪದ ಮೂಲಕವೇ ತನಗೆ ಬೇಕಾದ ಅಲ್ಪ ವಿದ್ಯುತ್ತನ್ನು ಎಳೆದುಕೊಳ್ಳುವುದರಿಂದ ಸಣ್ಣ ಎಲ್‌ಇಡಿ ಬಲ್ಬು ಆರಿದ ಮೇಲೂ ಮಿಣಮಿಣ ಎನ್ನುತ್ತಿರಬಹುದು. ಎಸ್.ಪಿ. ರಸ್ತೆಗೆ ಕೊಳ್ಳಲು ಹೋಗುವ ಮೊದಲು ಎಲೆಕ್ಟ್ರಿಷಿಯನ್‌ನಿಂದ ನ್ಯೂಟ್ರಲ್ ಎಲ್ಲಿದೆ ಎಂದು ನೋಡಿಸಿಕೊಂಡರೆ ಎರಡನೇ ಓಡಾಟ ತಪ್ಪುತ್ತದೆ.

ಪಿಐಆರ್ ಸೆನ್ಸರಿಗೆ ಕರೆಂಟು ಬಂದ ಮೇಲೆ ಹದಕ್ಕೆ ಬರಲು ಸುಮಾರು ಒಂದು ನಿಮಿಷ ಬೇಕು. ಆ ಅವಧಿಯಲ್ಲಿ ದೀಪ ತಾನಾಗಿ ಹೊತ್ತಿ ಆರುವುದು ದೋಷವಲ್ಲ. ಕರೆಂಟು ಹೋದಾಗಲೇ ಕಾವಲು ಬೇಕಾಗುವುದರಿಂದ ಸೆನ್ಸರ್ ಇರುವ ಲೈನನ್ನು ಯುಪಿಎಸ್‌ಗೆ ಸೇರಿಸಿರಬೇಕು.

ಕೂರಿಸಿದ ಮೇಲೆ

ಎತ್ತರ ಸಾಮಾನ್ಯವಾಗಿ 2.2ರಿಂದ 2.5 ಮೀಟರ್ ಇರಲಿ, ತಯಾರಕರು ಬೇರೆ ಹೇಳಿದ್ದರೆ ಅದನ್ನೇ ಅನುಸರಿಸಬೇಕು. 2.4 ಮೀಟರ್ ಎತ್ತರದಲ್ಲಿರುವ ಸೆನ್ಸರಿನ ದೃಷ್ಟಿ ಐದು ಮೀಟರ್ ದೂರದ ಗೇಟಿನ ಬುಡಕ್ಕೇ ಮುಗಿಯಬೇಕಾದರೆ ಅದನ್ನು ಸುಮಾರು 25 ಡಿಗ್ರಿ ಕೆಳಕ್ಕೆ ಬಾಗಿಸಬೇಕು. ಬಾಗಿಸಲು ಬಾರದ ಮಾದರಿಯಾದರೆ ರಸ್ತೆಯ ಕಡೆಗೆ ನೋಡುವ ಲೆನ್ಸಿನ ಚೌಕಗಳನ್ನು ಜೊತೆಗೆ ಕೊಡುವ ಸ್ಟಿಕ್ಕರಿನಿಂದ ಮುಚ್ಚಬಹುದು. ಸ್ಟಿಕ್ಕರ್ ಇಲ್ಲದಿದ್ದರೆ ಅಲ್ಯೂಮಿನಿಯಂ ಟೇಪು ಆಗುತ್ತದೆ.

ಹೆಚ್ಚಿನ ಸೆನ್ಸರುಗಳಲ್ಲಿ ಸೆನ್ಸ್, ಟೈಮ್, ಲಕ್ಸ್ ಎಂಬ ಮೂರು ತಿರುಪುಗಳಿರುತ್ತವೆ. ಮೊದಲನೆಯದು ಸೂಕ್ಷ್ಮತೆ, ಎರಡನೆಯದು ದೀಪ ಎಷ್ಟು ಹೊತ್ತು ಉರಿಯಬೇಕೆಂಬುದು, ಮೂರನೆಯದು ಎಷ್ಟು ಕತ್ತಲಾದ ಮೇಲೆ ಕೆಲಸ ಶುರುಮಾಡಬೇಕೆಂಬುದು. ಪರೀಕ್ಷೆಯ ಹೊತ್ತಿಗೆ ಟೈಮನ್ನು ಅತಿ ಕಡಿಮೆಗೆ, ಲಕ್ಸನ್ನು ಹಗಲಿಗೆ ಇಟ್ಟು, ಒಬ್ಬರು ಗೇಟಿನ ಒಳಗೆ ಬೇರೆಬೇರೆ ದಾರಿಯಲ್ಲಿ ನಿಧಾನವಾಗಿಯೂ ಬೇಗವಾಗಿಯೂ ನಡೆದು ಎಲ್ಲಿ ದೀಪ ಹೊತ್ತುತ್ತದೆ ಎಂದು ಸೀಮೆಸುಣ್ಣದಲ್ಲಿ ಗುರುತು ಹಾಕಿಕೊಳ್ಳಬೇಕು. ಆಮೇಲೆ ಗೇಟಿನ ಹೊರಗೆ ರಸ್ತೆಯ ಅಂಚಿನಲ್ಲಿ ನಡೆದು ನೋಡಬೇಕು; ಅಲ್ಲೂ ಹೊತ್ತಿದರೆ ಸೂಕ್ಷ್ಮತೆಯನ್ನು ಇಳಿಸುವ ಮೊದಲು ಬಾಗನ್ನೂ ಸ್ಟಿಕ್ಕರನ್ನೂ ಸರಿಪಡಿಸಬೇಕು, ಏಕೆಂದರೆ ಸೂಕ್ಷ್ಮತೆ ಇಳಿಸಿದರೆ ಒಳಗೆ ಬಂದವರೂ ತಪ್ಪಿಸಿಕೊಳ್ಳುತ್ತಾರೆ. ಇದೇ ನಡಿಗೆಯನ್ನು ಕಾರು ನಿಂತಿರುವಾಗ ಒಮ್ಮೆ, ಇಲ್ಲದಿರುವಾಗ ಒಮ್ಮೆ ಮಾಡುವುದು ಅಗತ್ಯ. ನಿಂತ ಕಾರಿನ ಹಿಂದೆ ಸೆನ್ಸರಿಗೆ ಕಾಣದ ಓಣಿಯೊಂದು ಹುಟ್ಟಿಕೊಂಡಿರುತ್ತದೆ. ಬೇಸಿಗೆಯಲ್ಲಿ ಕೂರಿಸಿದ ಸೆನ್ಸರಿಗೆ ಮಳೆಗಾಲದಲ್ಲಿ ಗಿಡಬಳ್ಳಿ ಬೆಳೆದು ಅಡ್ಡ ಬಂದಿರುತ್ತವೆ, ಲೆನ್ಸಿನ ಅಂಚಿನಲ್ಲಿ ಜೇಡರ ಬಲೆಯೂ ಕಟ್ಟಿರುತ್ತದೆ; ಕೊಂಬೆ ಸವರಿ, ಲೆನ್ಸನ್ನು ಒದ್ದೆ ಬಟ್ಟೆಯಿಂದ ಮೆಲ್ಲಗೆ ಒರೆಸಿದ ನಂತರ ನಡಿಗೆಯ ಪರೀಕ್ಷೆಯನ್ನು ಮತ್ತೆ ಮಾಡಬೇಕು. ಒರೆಸಲು ಥಿನ್ನರ್, ಪೆಟ್ರೋಲ್ ಬಳಸಿದರೆ ಲೆನ್ಸಿನ ಗೀರುಗಳು ಹಾಳಾಗುತ್ತವೆ.